ಕೃಷ್ಣಮೃಗದ ಬಿಳಿಯ ಹೊಟ್ಟೆ

ಹೆಸರಿನಲ್ಲಿ ಹುಲಿಯಿದ್ದರೇನು, ಹುಲಿಕುಂಟೆಯ ಸೀಮೆಗೆ ಕ್ಯಾಮೆರಾ ಹೆಗಲಿಗೇರಿಸಿ ಬರುವ ರಸಿಕರನ್ನು ಸೆಳೆಯುವುದು ಹುಲಿಯಲ್ಲ, ಕೃಷ್ಣಮೃಗ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಸುಮಾರು 798 ಎಕರೆಯಷ್ಟು, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಫಿಲ್ಮು ಮೇಲೋ ಡಿಜಿಟಲ್ ಮೇಲೋ ಎಂಬ ವ್ಯಾಜ್ಯಕ್ಕೆ ಈ ಮೃಗಕ್ಕಿಂತ ನಿಷ್ಠುರನಾದ ನ್ಯಾಯಾಧೀಶ ದೊರೆಯುವುದು ಕಷ್ಟ. ಬಲಿತ ಗಂಡಿನ ಬೆನ್ನು ಕಾಡಿಗೆಗಪ್ಪು. ಹೊಟ್ಟೆ ಅಚ್ಚ ಬಿಳುಪು. ಪಕ್ಕದಿಂದ ಬಿಸಿಲು ಬಿದ್ದಾಗ ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಬೇಕು.

ನೆಗೆಟಿವ್ ಫಿಲ್ಮಿನ ಬೆಳ್ಳಿಯ ಲವಣ ಬೆಳಕು ಹೆಚ್ಚಾದರೆ ಒಮ್ಮೆಗೇ ಸೋಲುವುದಿಲ್ಲ, ಮೆಲ್ಲಮೆಲ್ಲನೆ ಸೋಲುತ್ತದೆ. ಹೊಟ್ಟೆಯ ಕೂದಲಿನ ನವುರು ಹೇಗೋ ಉಳಿದೀತು. ಬೆಳಕು ಸಾಲದೆ ಹೋದರೆ ಮಾತ್ರ ಬೆನ್ನಿನ ಕಪ್ಪಿನಲ್ಲಿ ಏನೂ ಮೂಡದು. ಕತ್ತಲೆಕೋಣೆಯಲ್ಲಿ ಎಷ್ಟು ಹೆಣಗಿದರೂ ಇಲ್ಲದ್ದು ಬಾರದು. ಡಿಜಿಟಲ್ ಸೆನ್ಸರಿನ ಸ್ವಭಾವ ಇದಕ್ಕೆ ತಿರುವುಮುರುವು. ಅದರ ಒಂದೊಂದು ಬಿಂದುವೂ ಬೆಳಕು ಹಿಡಿಯುವ ಪುಟ್ಟ ಕೊಡ. ಕೊಡ ತುಂಬಿತೋ, ಆಮೇಲೆ ಸುರಿದದ್ದಕ್ಕೆ ಲೆಕ್ಕವಿಲ್ಲ. ಹೊಟ್ಟೆ ಸುಣ್ಣ ಬಳಿದ ಗೋಡೆಯಾಗುತ್ತದೆ. ತಳದಲ್ಲಿ ನಾಲ್ಕು ಹನಿ ಮಾತ್ರ ಬಿದ್ದಿದ್ದರೋ, ಅದನ್ನೇ ಎತ್ತಿ ಹಿಗ್ಗಿಸಿ ಬೆನ್ನಿನ ರೋಮಗಳನ್ನು ತೋರಿಸಬಹುದು. ಆದುದರಿಂದಲೇ ನೆಗೆಟಿವ್ ಬಳಸುವವನು ಕಪ್ಪನ್ನು ನೋಡಿ ಬೆಳಕಿನ ಅಳತೆ ಹಿಡಿಯುತ್ತಾನೆ, ಡಿಜಿಟಲಿನವನು ಬಿಳುಪನ್ನು ನೋಡಿ. ಸ್ಲೈಡ್ ಫಿಲ್ಮಿನ ಮಾತು ಬೇರೆ; ಅದು ಈ ಇಬ್ಬರಿಗಿಂತಲೂ ಮುಂಗೋಪಿ.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರಂಥವರು ವನ್ಯಜೀವಿ ಚಿತ್ರಗಳಿಂದ ಹೆಸರಾದದ್ದು ಫಿಲ್ಮಿನ ಕಾಲದಲ್ಲಿ. ಸುರುಳಿಗೆ ಮೂವತ್ತಾರೇ ಚಿತ್ರ. ಗೆದ್ದಿತೋ ಸೋತಿತೋ ತೊಳೆದ ಮೇಲಷ್ಟೇ ತಿಳಿಯುವುದು. ಅವರ ಕೌಶಲವನ್ನು ಸಲಕರಣೆಯ ಪುಣ್ಯವೆನ್ನುವುದು ಅನ್ಯಾಯ.

ಸೂಕ್ಷ್ಮ ವಿವರದಲ್ಲಾದರೋ ಫಿಲ್ಮು ಹಿಂದೆ ಬಿದ್ದಿದೆ. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಬಿಂದುಗಳು 10,000. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು. ಇಂದು 2.4 ಕೋಟಿ ಬಿಂದುಗಳ ಸೆನ್ಸರ್ ಸಾಮಾನ್ಯ. 35 ಮಿಲಿಮೀಟರ್ ಫಿಲ್ಮು ಅದಕ್ಕೆ ಸರಿಗಟ್ಟುವುದು ವಿರಳ. ಮುಸ್ಸಂಜೆಯ ಮಬ್ಬಿನಲ್ಲಂತೂ ಹೋಲಿಕೆಯೇ ಸಲ್ಲದು.

ಮದುವೆಯ ಮನೆಯಲ್ಲೂ ಕೃಷ್ಣಮೃಗದ ಕಥೆಯೇ: ವರನ ಬಿಳಿಯ ಪಂಚೆ, ವಧುವಿನ ಕರಿಯ ಜಡೆ. ಅಲ್ಲಿ ಇನ್ನೊಂದು ತೊಡಕುಂಟು. ಫಿಲ್ಮಿನ ಕಣಗಳು ಅಡ್ಡಾದಿಡ್ಡಿ ಚೆದುರಿದವು. ಸೆನ್ಸರಿನ ಬಿಂದುಗಳೋ ಸಾಲುಗಟ್ಟಿದವು. ಸೀರೆಯ ನವುರಾದ ನೇಯ್ಗೆಯ ಸಾಲಿಗೂ ಬಿಂದುಗಳ ಸಾಲಿಗೂ ತಾಕಲಾಟವಾದರೆ ಬಟ್ಟೆಯಲ್ಲಿಲ್ಲದ ಅಲೆಗಳು ಚಿತ್ರದಲ್ಲಿ ಮೂಡುತ್ತವೆ. ಛಾಯಾಗ್ರಾಹಕ ಒಂದೆರಡು ಹೆಜ್ಜೆ ಹಿಂದೆಯೋ ಮುಂದೆಯೋ ಸರಿದರೆ ಅವು ಬಹುಮಟ್ಟಿಗೆ ಮಾಯವಾಗುತ್ತವೆ.