ಚಲನಶಕ್ತಿ, ಪ್ರಚ್ಛನ್ನಶಕ್ತಿ: ಪಾಠ ಎಲ್ಲಿಂದ ತೊಡಗಬೇಕು?

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನನ್ನು ಕರೆದು ಚಲನಶಕ್ತಿಯೆಂದರೇನೆಂದು ಕೇಳಿದರೆ, ವಸ್ತುವು ತನ್ನ ಚಲನೆಯ ಕಾರಣದಿಂದ ಪಡೆದಿರುವ ಶಕ್ತಿಯೆಂದು ತಡವರಿಸದೆ ಉತ್ತರ ಕೊಡುತ್ತಾನೆ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕೆಂಬ ಸೂತ್ರವನ್ನೂ ಒಪ್ಪಿಸುತ್ತಾನೆ. ಈಗ ಇನ್ನೊಂದು ಪ್ರಶ್ನೆಯನ್ನು ಕೇಳೋಣ. ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಮೋಟಾರು ಸೈಕಲ್ಲು ಬ್ರೇಕು ಹಿಡಿದ ಮೇಲೆ ೬ ಮೀಟರು ಸಾಗಿ ನಿಲ್ಲುತ್ತದೆ. ಅದೇ ರಸ್ತೆಯಲ್ಲಿ, ಅದೇ ಬ್ರೇಕಿನಿಂದ, ೬೦ ಕಿಲೋಮೀಟರು ವೇಗದಲ್ಲಿದ್ದರೆ ಎಷ್ಟು ದೂರ ಸಾಗೀತು? ಹನ್ನೆರಡು ಮೀಟರು ಎಂಬ ಉತ್ತರವೇ ಹೆಚ್ಚಾಗಿ ಬರುವುದು. ನಿಜವಾದ ಉತ್ತರ ಇಪ್ಪತ್ತನಾಲ್ಕು. ಸೂತ್ರ ನಾಲಗೆಯ ಮೇಲಿದೆ. ಅದರಲ್ಲಿರುವ 'ವರ್ಗ' ಎಂಬ ಮಾತು ಮಾತ್ರ ಮನಸ್ಸಿಗೆ ಇಳಿದಿಲ್ಲ.

ಇದು ವಿದ್ಯಾರ್ಥಿಯ ತಪ್ಪೆಂದು ನಾವು ಭಾವಿಸುವುದಿಲ್ಲ. ಮೊದಲು ವ್ಯಾಖ್ಯೆ, ಅನಂತರ ಸೂತ್ರ, ಕೊನೆಗೆ ಲೆಕ್ಕ ಎಂಬ ಕ್ರಮದಲ್ಲಿ ಪಾಠ ನಡೆದರೆ ಆಗುವುದೇ ಹೀಗೆ. ಈ ಕ್ರಮವನ್ನು ತಿರುಗಿಸಬೇಕು, ಕಣ್ಣು ಕಂಡದ್ದನ್ನು ಮುಂದಿಟ್ಟು ಸೂತ್ರವನ್ನು ಅದರ ಹಿಂದೆ ತರಬೇಕು ಎಂಬುದು ನಮ್ಮ ಅಭಿಪ್ರಾಯ.

ವಿಜ್ಞಾನದ ಇತಿಹಾಸವೂ ಈ ಮಾತನ್ನೇ ಹೇಳುತ್ತದೆ. ಚಲಿಸುವ ವಸ್ತುವಿನ ಬಲವನ್ನು ಅದರ ವೇಗದಿಂದ ಅಳೆಯಬೇಕೆ, ವೇಗದ ವರ್ಗದಿಂದ ಅಳೆಯಬೇಕೆ ಎಂಬ ವಾದ ಯುರೋಪಿನಲ್ಲಿ ಬಹುಕಾಲ ನಡೆಯಿತು. ವರ್ಗವೇ ಸರಿಯೆಂದು ಲೈಬ್ನಿಟ್ಸ್ ೧೬೮೬ರಲ್ಲಿ ವಾದಿಸಿದನು. ಡೆಕಾರ್ಟನ ಅನುಯಾಯಿಗಳು ಒಪ್ಪಲಿಲ್ಲ. ೧೭೨೦ರ ದಶಕದಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಾಧ್ಯಾಪಕ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಉಂಟಾದ ಗುಳಿಗಳನ್ನು ಅಳೆದನು. ವೇಗ ಇಮ್ಮಡಿಯಾದಾಗ ಗುಳಿ ನಾಲ್ಮಡಿಯಾಗಿತ್ತು. ಫ್ರಾನ್ಸಿನ ವಿದುಷಿ ಎಮಿಲಿ ದು ಶಾತಲೆ ೧೭೪೦ರಲ್ಲಿ ಪ್ರಕಟಿಸಿದ ತನ್ನ ಭೌತಶಾಸ್ತ್ರ ಗ್ರಂಥದಲ್ಲಿ ವರ್ಗದ ಪಕ್ಷವನ್ನು ಎತ್ತಿ ಹಿಡಿದಳು. ನಾವು ಪ್ರಚ್ಛನ್ನಶಕ್ತಿಯೆಂದು ಕನ್ನಡಿಸಿರುವ ಹೆಸರನ್ನು ರ್‍ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರು ಕೊಟ್ಟದ್ದು ೧೮೫೩ರಲ್ಲಿ. ಹೆಸರಿಗಿಂತ ಮಣ್ಣಿನ ಗುಳಿ ನೂರು ವರ್ಷಕ್ಕೂ ಹಿರಿಯದು!

ಆ ಪ್ರಯೋಗವನ್ನು ನಮ್ಮ ಯಾವ ಹಳ್ಳಿಯ ಶಾಲೆಯಲ್ಲಾದರೂ ಮಾಡಬಹುದು. ಒಂದು ಬಾಣಲೆಯಲ್ಲಿ ಹದವಾಗಿ ಕಲಸಿದ ಜೇಡಿಮಣ್ಣು, ಒಂದು ಕಬ್ಬಿಣದ ಗುಂಡು, ಒಂದು ಅಳತೆಗೋಲು, ಒಂದು ಹಿಡಿ ನಯವಾದ ಮರಳು ಇದ್ದರೆ ಸಾಕು. ಗುಂಡನ್ನು ೨೫ ಸೆಂಟಿಮೀಟರು ಎತ್ತರದಿಂದ ಒಮ್ಮೆ, ೧ ಮೀಟರು ಎತ್ತರದಿಂದ ಇನ್ನೊಮ್ಮೆ ಬಿಡಬೇಕು. ಎತ್ತರ ನಾಲ್ಮಡಿಯಾದರೂ ಮಣ್ಣಿಗೆ ತಾಗುವಾಗಿನ ವೇಗ ಇಮ್ಮಡಿ ಮಾತ್ರ: ಸೆಕೆಂಡಿಗೆ ೨.೨ ಮೀಟರು ಇದ್ದುದು ೪.೪ ಆಗುತ್ತದೆ. ಗುಳಿಗಳಿಗೆ ಮರಳನ್ನು ತುಂಬಿ ಅಳೆದು ನೋಡಿದರೆ ಎರಡನೆಯದು ಮೊದಲನೆಯದರ ಸುಮಾರು ನಾಲ್ಮಡಿ ಮರಳನ್ನು ಹಿಡಿಯುತ್ತದೆ. ತನ್ನ ಕೈಯಿಂದಲೇ ಮರಳನ್ನು ಅಳೆದ ಬಾಲಕ ವೇಗದ ವರ್ಗವನ್ನು ಮತ್ತೆ ಮರೆಯಲಾರನು.

ಪ್ರಚ್ಛನ್ನಶಕ್ತಿಯ ಪಾಠದಲ್ಲಿ ತೊಡಕು ಬೇರೆ ಬಗೆಯದು. ಪ್ರಚ್ಛನ್ನ ಎಂದರೆ ಅಡಗಿರುವುದು. ಅಟ್ಟದ ಮೇಲಿಟ್ಟ ಕಲ್ಲಿನಲ್ಲಿ ಶಕ್ತಿ ಎಲ್ಲಿ ಅಡಗಿದೆಯೆಂದು ಚುರುಕು ಬುದ್ಧಿಯ ಹುಡುಗಿ ಕೇಳಿದರೆ ಅದು ಯೋಗ್ಯವಾದ ಪ್ರಶ್ನೆಯೇ. ನೆಲದ ಮೇಲಿರುವ ಕಲ್ಲಿಗೂ ಅಟ್ಟದ ಮೇಲಿರುವ ಕಲ್ಲಿಗೂ ಒಳಗೆ ಯಾವ ಭೇದವೂ ಕಾಣದು. ಆ ಶಕ್ತಿ ಕಲ್ಲೊಂದರ ಸೊತ್ತಲ್ಲ. ಒಂದನ್ನೊಂದು ಸೆಳೆಯುವ ಭೂಮಿ ಮತ್ತು ಕಲ್ಲುಗಳ ನಡುವಣ ಅಂತರಕ್ಕೆ ಸೇರಿದ್ದು. ಆದುದರಿಂದಲೇ ಎಲ್ಲಿಂದ ಅಳೆಯುತ್ತೇವೆಂಬುದನ್ನೂ ಹೇಳಬೇಕಾಗುತ್ತದೆ. ಬಾವಿಯ ಪಕ್ಕದ ನೆಲದ ಮೇಲಿರುವ ಕೊಡಕ್ಕೆ ಆ ನೆಲದಿಂದ ಎತ್ತರವಿಲ್ಲ, ಬಾವಿಯ ತಳದಿಂದ ಉಂಟು. ಈ ಎರಡು ಮಾತುಗಳನ್ನು ಮೊದಲ ದಿನವೇ ಹೇಳಿದರೆ ಮುಂದೆ ಎಷ್ಟೋ ಗೊಂದಲ ತಪ್ಪುತ್ತದೆ.

ನಿಂತ ವಸ್ತುವಿಗೆ ಒಂದು ಶಕ್ತಿ, ಓಡುವ ವಸ್ತುವಿಗೆ ಇನ್ನೊಂದು ಎಂದು ಎರಡು ಪಟ್ಟಿ ಬರೆಸುವ ಪದ್ಧತಿಯೂ ನಮಗೆ ಸಮ್ಮತವಲ್ಲ. ಒನಕೆಯನ್ನು ನೋಡಿರಿ. ಮೂರು ಕಿಲೋಗ್ರಾಮಿನ ಒನಕೆಯನ್ನು ಒಂದು ಮೀಟರು ಎತ್ತಿದಾಗ ತೋಳು ಸುಮಾರು ೩೦ ಜೂಲಿನಷ್ಟು ಕೆಲಸ ಮಾಡಿರುತ್ತದೆ. ಒನಕೆ ಸುಮ್ಮನೆ ಜಾರಿ ಅರ್ಧ ದಾರಿ ಇಳಿದಾಗ ೧೫ ಜೂಲು ಎತ್ತರದ ಲೆಕ್ಕದಲ್ಲಿಯೂ ೧೫ ಜೂಲು ವೇಗದ ಲೆಕ್ಕದಲ್ಲಿಯೂ ಇರುತ್ತದೆ. ಒರಳನ್ನು ತಾಗಿದ ಮೇಲೆ ಅದು ಭತ್ತದ ಹೊಟ್ಟು ಬಿಡಿಸುವುದರಲ್ಲಿ, ಶಬ್ದದಲ್ಲಿ, ಕಾವಿನಲ್ಲಿ ಹಂಚಿಹೋಗುತ್ತದೆ. ಒಂದೇ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವಂತೆ. ಪಾಠದ ತಿರುಳು ಈ ವರ್ಗಾವಣೆಯೇ ಹೊರತು ಪಟ್ಟಿಯಲ್ಲ.

ಇದೇ ವರ್ಗಾವಣೆಯನ್ನು ನಮ್ಮ ನಾಡು ದೊಡ್ಡ ಪ್ರಮಾಣದಲ್ಲಿ ಕಂಡಿದೆ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನ ಇಳಿತ ವಿದ್ಯುತ್ತಾಗಿ, ೧೪೦ ಕಿಲೋಮೀಟರಿಗೂ ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸಿತು. ಜೋಗದಲ್ಲಿ ೨೫೩ ಮೀಟರು ಧುಮುಕುವ ನೀರಿನ ಶಕ್ತಿಯೆಲ್ಲ ಆ ನೀರಿನಲ್ಲೇ ಕಾವಾಗಿ ಉಳಿದರೂ ಅದು ಬಿಸಿಯಾಗುವುದು ಸುಮಾರು ೦.೬ ಡಿಗ್ರಿ ಸೆಲ್ಸಿಯಸ್ ಮಾತ್ರ. ಅಷ್ಟು ಭೋರ್ಗರೆತ ಇಷ್ಟೇ ಕಾವೆಂದು ತಿಳಿದಾಗ ಮಕ್ಕಳ ಕಣ್ಣು ಅರಳದೆ ಇರುವುದಿಲ್ಲ.

ಪಠ್ಯಕ್ರಮ ಮುಗಿಸುವುದಕ್ಕೇ ಕಾಲ ಸಾಲದು, ಮಣ್ಣು ಕಲಸುತ್ತ ಕೂರುವುದೆಲ್ಲಿ ಎಂದು ಉಪಾಧ್ಯಾಯರು ಕೇಳಬಹುದು. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ನಾವು ಬೇಡುತ್ತಿರುವುದು ಒಂದೇ ಒಂದು ಅವಧಿಯನ್ನು. ತಿಳಿಯದೆ ಕಲಿತದ್ದನ್ನು ಮತ್ತೆ ಮತ್ತೆ ಕಲಿಸಲು ಹೋಗುವ ಕಾಲ ಅದಕ್ಕಿಂತ ಹೆಚ್ಚು.

ಈ ಪಾಠದ ಪ್ರಯೋಜನ ಪರೀಕ್ಷೆಯೊಂದಿಗೆ ಮುಗಿಯುವುದಿಲ್ಲ. ಇಂದು ಬೆಂಚಿನ ಮೇಲೆ ಕುಳಿತವರು ಕೆಲವೇ ವರ್ಷಗಳಲ್ಲಿ ವಾಹನ ನಡೆಸುವವರು. ಅವರಿಗೆ ಇನ್ನೊಂದು ಲೆಕ್ಕವನ್ನು ಮಾಡಿಸಬೇಕು: ಓಡುವ ವೇಗವನ್ನು ಬೀಳುವ ಎತ್ತರಕ್ಕೆ ತಿರುಗಿಸುವ ಲೆಕ್ಕ. ಗಂಟೆಗೆ ೩೦ ಕಿಲೋಮೀಟರು ವೇಗವೆಂದರೆ ಮೂರೂವರೆ ಮೀಟರು, ಅಂದರೆ ಒಂದು ಅಂತಸ್ತಿನ ಮೇಲಿನಿಂದ ಬಿದ್ದಷ್ಟು. ೬೦ ಎಂದರೆ ೧೪ ಮೀಟರು, ನಾಲ್ಕು ಅಂತಸ್ತು. ೯೦ ಎಂದರೆ ಸುಮಾರು ೩೨ ಮೀಟರು, ಒಂಬತ್ತು ಅಂತಸ್ತು. ನಾಲ್ಕನೆಯ ಅಂತಸ್ತಿನ ತಾರಸಿಯ ಅಂಚಿನಲ್ಲಿ ಯಾರೂ ಮೈಮರೆತು ನಿಲ್ಲುವುದಿಲ್ಲ. ಎತ್ತರದ ಭಯ ನಮಗೆ ಹುಟ್ಟಿನಿಂದಲೇ ಬಂದಂತಿದೆ. ವೇಗದ ಭಯ ಹಾಗೆ ಬಂದುದಲ್ಲ, ಅದನ್ನು ಕಲಿಯಬೇಕು. ಅದನ್ನು ಕಲಿಸಲು ಶಾಲೆಯಲ್ಲಿ ಒಂದು ಬಾಣಲೆ ಜೇಡಿಮಣ್ಣು ಸಾಕು. ಕಲಿಸದೆ ಬಿಟ್ಟರೆ ಆ ಪಾಠವನ್ನು ರಸ್ತೆಯೇ ಹೇಳಿಕೊಡುತ್ತದೆ; ಅಲ್ಲಿ ಎರಡನೆಯ ಸಲ ಪ್ರಯೋಗ ಮಾಡಿ ನೋಡುವ ಅವಕಾಶ ಎಲ್ಲರಿಗೂ ಸಿಕ್ಕುವುದಿಲ್ಲ.