ನಿವೃತ್ತರ ಕಾಲ ಯಾರ ಸೊತ್ತು?

ನಿವೃತ್ತರಾದ ಅಪ್ಪ ಅಮ್ಮ ಕಾಶಿಗೆ ಹೊರಟರೆ ಮಕ್ಕಳು ರೈಲು ನಿಲ್ದಾಣದವರೆಗೆ ಬಂದು, ಕಾಲಿಗೆ ನಮಸ್ಕಾರ ಮಾಡಿ, ನೀರಿನ ಬಾಟಲಿ ಕೈಗಿತ್ತು ಕಳಿಸುತ್ತಾರೆ. ಅದೇ ಅಪ್ಪ ಅಮ್ಮ 'ಕಾರಲ್ಲಿ ಜೈಸಲ್ಮೇರ್‌ಗೆ ಹೋಗಿಬರ್ತೀವಿ' ಅಂದರೆ ಮನೆಯಲ್ಲಿ ಸಭೆ ಸೇರುತ್ತದೆ. ಬಿ.ಪಿ., ಶುಗರ್, ಮಂಡಿನೋವು ಎಲ್ಲ ಚರ್ಚೆಗೆ ಬರುತ್ತವೆ. ಕಾಶಿಗೆ ಹೋಗುವಾಗಲೂ ಮಂಡಿ ಅದೇ, ಶುಗರ್ ಅದೇ. ಆದರೆ ಕಾಶಿಗೆ ಹೋಗುವವರು ಮನೆಯ ಪರವಾಗಿ ಹೋಗುತ್ತಾರೆ, ಮಗಳ ಮದುವೆಗೂ ಮೊಮ್ಮಗನ ಸೀಟಿಗೂ ಹರಕೆ ಹೊತ್ತು. ಮರಳುಗಾಡಿಗೆ ಹೋಗುವವರು ತಮಗಾಗಿ ಹೋಗುತ್ತಾರೆ. ಅರವತ್ತು ದಾಟಿದ ಗಂಡ ಹೆಂಡತಿ ಬರೀ ತಮಗಾಗಿ ಒಂದು ಕೆಲಸ ಮಾಡುವುದನ್ನು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಿಗೆ ಇನ್ನೂ ಆಗಿಲ್ಲ.

ಸರ್ಕಾರದ ಲೆಕ್ಕವೂ ಹೆಚ್ಚುಕಮ್ಮಿ ಹೀಗೇ ಇದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ಕಾಶಿ ದರ್ಶನ ರೈಲಿನ ಯಾತ್ರಿಗಳಿಗೆ ಮುಜರಾಯಿ ಇಲಾಖೆ ತಲಾ 5,000 ರೂಪಾಯಿ ಸಹಾಯಧನ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಎಲ್ಲಿಗೆ, ಯಾಕೆ ಎಂದು ಕೇಳದೆ ರೈಲ್ವೆ ಕೊಡುತ್ತಿದ್ದ ರಿಯಾಯಿತಿ ಒಂದಿತ್ತು: ಅರವತ್ತು ತುಂಬಿದ ಗಂಡಸರಿಗೆ ಶೇಕಡ 40, ಐವತ್ತೆಂಟು ತುಂಬಿದ ಹೆಂಗಸರಿಗೆ ಶೇಕಡ 50. 2020ರ ಮಾರ್ಚ್‌ನಲ್ಲಿ ಕೋವಿಡ್ ನೆಪದಲ್ಲಿ ಅದು ನಿಂತಿತು. ಕೋವಿಡ್ ಹೋದರೂ ರಿಯಾಯಿತಿ ವಾಪಸ್ ಬರಲಿಲ್ಲ.

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ನಮ್ಮ ಬಡಾವಣೆಯಲ್ಲಿ ಹೀಗೆ ಕಾರು ಹತ್ತಿ ಹೊರಡುವ ಜೋಡಿಯೊಂದಿದೆ. ಆಕೆ ಗುಬ್ಬಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಡಂ ಆಗಿದ್ದವರು. ಯಜಮಾನರು ಇಲ್ಲಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿದ್ದವರು. ಆ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು, ಜಾಗ ಇಸ್ರೋಗೆ ಹೋಯಿತು. ಕಾರ್ಖಾನೆ ಬಿಟ್ಟವರಿಗೆ ಬರುವ ಇಪಿಎಸ್ ಪಿಂಚಣಿ ಎಷ್ಟು ಎಂದು ಕೇಳಬೇಡಿ. 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. 'ಪೆಟ್ರೋಲ್ ಹಾಕಿಸೋದು ಮೇಡಂ ಪಿಂಚಣಿ ಸ್ವಾಮಿ, ನಾನು ಡ್ರೈವರ್ ಅಷ್ಟೆ' ಎಂದು ಅವರೇ ನಗುತ್ತಾರೆ. ನಮ್ಮೂರ ಪಕ್ಕದಲ್ಲೇ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ಶಿರಾ, ಹಿರಿಯೂರು, ಹುಬ್ಬಳ್ಳಿ, ಪುಣೆ ದಾಟಿ ಅಹಮದಾಬಾದಿಗೂ ಹೋಗುತ್ತದೆ, ಅಲ್ಲಿಂದ ಉದಯಪುರ, ಜೈಪುರದ ಮೇಲೆ ದೆಹಲಿಗೂ. ಮರಳುಗಾಡು ಸುಮಾರು 2,000 ಕಿಲೋಮೀಟರ್ ದೂರ. ಅವರು ಆತುರ ಮಾಡುವುದಿಲ್ಲ. ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲ. ಡಿಕ್ಕಿಯಲ್ಲಿ ಕೋಡುಬಳೆ, ಚಟ್ನಿಪುಡಿ, ರಾಗಿಹಿಟ್ಟು, ಒಂದು ಇಂಡಕ್ಷನ್ ಒಲೆ. ಮರಳುಗಾಡಿಗೆ ಹೋಗಲು ಸರಿಯಾದ ಕಾಲ ನವೆಂಬರ್‌ನಿಂದ ಫೆಬ್ರವರಿ. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕಾದ ತಿಂಗಳೂ ನವೆಂಬರ್. ಈಗ ಫೋನಿನ ಮುಂದೆ ಮುಖ ತೋರಿಸಿದರೆ ಸಾಕು, ಆ ಕೆಲಸ ಮುಗಿಯುತ್ತದೆ. ಮೇಡಂ ಒಂದು ಸಲ ಅದನ್ನು ಜೈಸಲ್ಮೇರ್‌ನ ಕೋಟೆ ಬಾಗಿಲಲ್ಲಿ ನಿಂತು ಮಾಡಿದರಂತೆ. ಬದುಕಿರುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ತೋಚುವುದಿಲ್ಲ.

ಈ ಜೋಡಿಯ ಪರವಾಗಿ ವಾದಿಸಬೇಕೆಂದು ನನಗೆ ಅನ್ನಿಸಿದ್ದು ಅವರ ಪ್ರವಾಸದ ಫೋಟೋ ನೋಡಿ ಅಲ್ಲ, ಹಳೆಯ ಆಲ್ಬಮ್ ನೋಡಿ. ಕಪ್ಪು ರಟ್ಟಿನ ಹಾಳೆ, ನಡುವೆ ಬೆಣ್ಣೆಕಾಗದ, ಪಟದ ನಾಲ್ಕು ಮೂಲೆಗೂ ತ್ರಿಕೋನದ ಕಾಗದದ ಕಿವಿ. ಇಂಥ ಆಲ್ಬಮ್ ತುಮಕೂರು, ಕುಣಿಗಲ್, ಗುಬ್ಬಿಯ ಯಾವ ಮನೆಯ ಬೀರು ತೆಗೆದರೂ ಸಿಗುತ್ತದೆ. ಮೊದಲ ಪುಟದಲ್ಲಿ ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಪಟ. ಹಿಂದೆ ಬಣ್ಣ ಬಳಿದ ಪರದೆ: ಕಮಾನು, ಕೊಳ, ಎಲ್ಲಿಯದೋ ಅರಮನೆ. ಗುಬ್ಬಿ ವೀರಣ್ಣನವರ ಕಂಪನಿ ನಾಟಕದ ಸೀನು ಕಳಚಿ ತಂದು ನೇತುಹಾಕಿದ ಹಾಗೆ. ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು, ಇಬ್ಬರ ನಡುವೆ ಒಂದು ಗೇಣು ಜಾಗ. ಆಮೇಲೆ ಪುಟ ತಿರುಗಿಸುತ್ತ ಹೋಗಿ. ನಾಮಕರಣ, ಚೌಲ, ಸಿದ್ಧಗಂಗೆಯ ಜಾತ್ರೆ, ದೇವರಾಯನದುರ್ಗದ ಬೆಟ್ಟದ ಮೇಲೊಂದು ಗುಂಪು, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ. ಅತ್ತೆ ಮಾವ ಇದ್ದಾರೆ, ನಾದಿನಿ ಇದ್ದಾಳೆ, ಮಕ್ಕಳಂತೂ ಪ್ರತಿಯೊಂದರಲ್ಲೂ. ಗಂಡ ಹೆಂಡತಿ ಇಬ್ಬರೇ ಇರುವ ಇನ್ನೊಂದು ಪಟ ಬೇಕಾದರೆ ಅರವತ್ತರ ಶಾಂತಿಯವರೆಗೆ ಕಾಯಬೇಕು.

ಇದಕ್ಕೆ ಕಾರಣಗಳಿದ್ದವು. ಆಗಿನ ಆಗ್ಫಾ ಕ್ಲಿಕ್ ಕ್ಯಾಮೆರಾದ ಒಂದು ರೋಲಿಗೆ 12 ಪಟ. ರೋಲಿನ ದುಡ್ಡು, ತೊಳೆಸುವ ದುಡ್ಡು, ಪ್ರಿಂಟಿನ ದುಡ್ಡು ಎಂದು ಲೆಕ್ಕ ಹಾಕುವ ಮನೆಯಲ್ಲಿ ಬರೀ ತಮ್ಮಿಬ್ಬರ ಮೇಲೆ ಒಂದು ಪಟ ಖರ್ಚು ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಸಂಕೋಚವೂ ಇತ್ತು. ಕ್ಯಾಮೆರಾ ಇದ್ದ ಮನೆಯಲ್ಲಿ ಇನ್ನೊಂದು ತಮಾಷೆ: ಗಂಡನೇ ಕ್ಲಿಕ್ಕಿಸುತ್ತಿದ್ದರಿಂದ ಹತ್ತು ವರ್ಷದ ಸಂಸಾರದಲ್ಲಿ ಅವನು ಇಲ್ಲವೇ ಇಲ್ಲ. ಒಂದು ಪಟದಲ್ಲಿ ಮಾತ್ರ ಹೆಂಡತಿಯ ಸೆರಗಿನ ಮೇಲೆ ಅವನ ನೆರಳು ಬಿದ್ದಿರುತ್ತದೆ. ಕಪ್ಪುಬಿಳುಪಿನವು ಬೆಳ್ಳಿಯ ಪಟಗಳು, ಇನ್ನೂ ಗಟ್ಟಿಯಾಗಿವೆ. ಎಪ್ಪತ್ತರ ದಶಕದ ಬಣ್ಣದ ಪ್ರಿಂಟುಗಳು ಆಲ್ಬಮ್ಮಿನ ಕತ್ತಲೆಯಲ್ಲೂ ನೀಲಿ ಕಳೆದುಕೊಂಡು ಕೆಂಪಗಾಗಿವೆ. ಆದರೂ ಆಲ್ಬಮ್ ಒಂದು ದಾಖಲೆ. ಆ ಮೂವತ್ತು ಮೂವತ್ತೈದು ವರ್ಷದಲ್ಲಿ ಇವರಿಬ್ಬರ ಕಾಲ ಯಾರ ಯಾರ ಪಾಲಾಯಿತು ಎಂಬುದಕ್ಕೆ ಅದಕ್ಕಿಂತ ನಿಖರವಾದ ಲೆಕ್ಕಪತ್ರ ಬೇರೆ ಇಲ್ಲ.

ನಿವೃತ್ತಿಗೆ ಕಾಯದೆ ತಿರುಗಾಡಿದ ದಂಪತಿಗಳೂ ನಮ್ಮಲ್ಲಿ ಇದ್ದರು. ಬಿ.ಎಚ್. ರಸ್ತೆಯ 'ಎಚ್' ಎಂದರೆ ಹೊನ್ನಾವರ. ಆ ತುದಿಯ ಊರಿನಲ್ಲಿ ಹುಟ್ಟಿದವರು ಕೃಷ್ಣಾನಂದ ಕಾಮತ್ (1934–2002). ವಿಜ್ಞಾನಿ, ಛಾಯಾಗ್ರಾಹಕ, ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಬರೆದವರು. ಪತ್ನಿ ಜ್ಯೋತ್ಸ್ನಾ ಕಾಮತ್ ಇತಿಹಾಸದ ವಿದ್ವಾಂಸೆ, ಆಕಾಶವಾಣಿಯ ಅಧಿಕಾರಿ. ಕಾಮತರ ಸಾವಿರಾರು ಚಿತ್ರಗಳನ್ನು ಮನೆಯವರೇ ಡಿಜಿಟಲ್ ರೂಪಕ್ಕೆ ತಂದು ಉಳಿಸಿದ್ದಾರೆ. ಅಂಥವರು ಬೆರಳೆಣಿಕೆ. ಗುಬ್ಬಿಯ ಮೇಡಂಗೆ ಬೇಸಿಗೆ ರಜೆ ಎಂದರೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಜನಗಣತಿ, ಚುನಾವಣೆ ಡ್ಯೂಟಿ, ಉಳಿದ ದಿನಗಳಲ್ಲಿ ಹಪ್ಪಳ ಸಂಡಿಗೆ.

ಅದೂ ಸರಿ, ಮರಳುಗಾಡೇ ಯಾಕೆ? ಬಯಲುಸೀಮೆಯವರು ಬರ ನೋಡಲು ರಾಜಸ್ಥಾನಕ್ಕೆ ಹೋಗಬೇಕೆ, ಪಾವಗಡಕ್ಕೆ ಹೋದರೆ ಸಾಲದೆ ಎಂದು ಕೇಳಿದವರಲ್ಲಿ ನಾನೂ ಒಬ್ಬ. ಪಾವಗಡದ ಒಣಭೂಮಿಯಲ್ಲಿ ಈಗ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳೂ ಇವೆ, ರಾಜಸ್ಥಾನದಲ್ಲಿರುವಂಥವೇ. ಆದರೆ ಮೇಡಂ ಹೇಳಿದ ಒಂದು ಸಂಗತಿ ನನ್ನನ್ನು ಸುಮ್ಮನಾಗಿಸಿತು. ಜೋಧಪುರದ ಆಚೆ ಹೊಲಗಳ ನಡುವೆ ಒಂಟಿಯಾಗಿ ನಿಂತ ಮರ ನೋಡಿ, ಇದನ್ನು ಎಲ್ಲೋ ಕಂಡಿದ್ದೇನಲ್ಲ ಎಂದು ಗಾಡಿ ನಿಲ್ಲಿಸಿದರಂತೆ. ನೋಡಿದರೆ ನಮ್ಮ ಬನ್ನಿ ಮರ. ಅಲ್ಲಿ ಅದಕ್ಕೆ ಖೇಜ್ರಿ ಎನ್ನುತ್ತಾರೆ, ರಾಜಸ್ಥಾನದ ರಾಜ್ಯವೃಕ್ಷ. 1730ರಲ್ಲಿ ಖೇಜಡ್ಲಿ ಎಂಬ ಹಳ್ಳಿಯಲ್ಲಿ ಇದೇ ಮರಗಳನ್ನು ಉಳಿಸಲು ಅಪ್ಪಿಕೊಂಡು ನಿಂತ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ನಾವು ವಿಜಯದಶಮಿಯ ಸಂಜೆ ಸುತ್ತು ಬಂದು ಎಲೆ ಕಿತ್ತು ಹಂಚಿ ಮನೆಗೆ ಹೋಗುತ್ತೇವೆ. ಅವರು ಅದರ ಎಳೆಗಾಯಿ ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ, ಸೊಪ್ಪು ಮೇಕೆಗೆ ಹಾಕುತ್ತಾರೆ. ಆ ಪಲ್ಯವನ್ನು ಮೇಡಂ ಸಜ್ಜೆ ರೊಟ್ಟಿಯ ಜೊತೆ ತಿಂದರು. 'ಮೂವತ್ತು ವರ್ಷ ಪಾಠ ಮಾಡಿದೀನಿ, ಬನ್ನಿ ಕಾಯಿ ತಿನ್ನಬಹುದು ಅಂತ ಒಬ್ಬ ಹುಡುಗನಿಗೂ ಹೇಳಿಲ್ಲ' ಅಂದರು. ನಮ್ಮ ಕೆರೆ ಅಂಗಳಗಳನ್ನು ನುಂಗಿರುವ ಬಳ್ಳಾರಿ ಜಾಲಿ ಅಲ್ಲೂ ಅಷ್ಟೇ ಹಬ್ಬಿದೆ, ಅದನ್ನೂ ಗುರುತು ಹಿಡಿದರು. ಜೈಸಲ್ಮೇರ್ ಸಮೀಪದ ಸಮ್‌ನ ಮರಳುದಿಬ್ಬಗಳ ಬಳಿ ರಾತ್ರಿಯಿಡೀ ಧ್ವನಿವರ್ಧಕ ಹಚ್ಚಿ ಕುಣಿಸುವ ಕ್ಯಾಂಪುಗಳು ಇಬ್ಬರಿಗೂ ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ, ಹೋಗದೆಯೇ ಹೇಳಬಲ್ಲೆ.

ಮರಳುಗಾಡಿನಲ್ಲಿ ನೆಂಟರಿಲ್ಲ, ಹರಕೆಯ ದೇವರಿಲ್ಲ, ಯಾರ ಮದುವೆಯೂ ಇಲ್ಲ. ಅಲ್ಲಿ ಗಂಡ ಹೆಂಡತಿ ಬೇರೆ ಯಾರಿಗಾಗಿಯೂ ಏನೂ ಮಾಡಬೇಕಿಲ್ಲ. ಆಲ್ಬಮ್ಮಿನಲ್ಲಿ ಇಲ್ಲದ ಪಟ ತೆಗೆದುಕೊಳ್ಳಲು ತಕ್ಕ ಜಾಗ ಅದು.

ಆಕ್ಷೇಪಗಳು ಇವೆ, ಎಲ್ಲವೂ ಹಗುರವಲ್ಲ. ಈ ವಯಸ್ಸಿನಲ್ಲಿ ಡ್ರೈವಿಂಗ್ ಅಪಾಯ ಎನ್ನುವವರಿಗೆ ಕಾನೂನೇ ಉತ್ತರ ಕೊಡುತ್ತದೆ: ಐವತ್ತೈದು ದಾಟಿದವರು 5 ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರ ಕೊಟ್ಟು ಲೈಸೆನ್ಸ್ ನವೀಕರಿಸಬೇಕು. ಆ ಪರೀಕ್ಷೆ ಹೆಸರಿಗಷ್ಟೇ ನಡೆಯುತ್ತದೆ ಎಂದರೆ ಅದನ್ನು ಸರಿಯಾಗಿ ಮಾಡಿಸಿ. ಕಾರಿನ ಕೀ ಬಚ್ಚಿಡಬೇಡಿ.

ನಿವೃತ್ತಿ ಎಂಬುದೇ ಸಂಬಳದವರ ಸೌಭಾಗ್ಯ ಎಂಬ ಮಾತು ಇದಕ್ಕಿಂತ ಗಟ್ಟಿ. ಗುಬ್ಬಿಯ ತೆಂಗಿನ ತೋಟದವನಿಗೆ ಅರವತ್ತಕ್ಕೆ ಯಾರೂ ಹಾರ ಹಾಕಿ ಕಳಿಸುವುದಿಲ್ಲ. ಕುಣಿಗಲ್ ಕಡೆಯ ಹಳ್ಳಿಗಳಲ್ಲಿ 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ವಯಸ್ಸಾದ ಹೆಂಗಸರು ಗುಂಪು ಕಟ್ಟಿಕೊಂಡು ಮಂಗಳೂರು ರಸ್ತೆಯ ಬಸ್ಸು ಹಿಡಿದು ಧರ್ಮಸ್ಥಳ, ಕುಕ್ಕೆ ನೋಡಿ ಬರುತ್ತಿದ್ದಾರೆ. ಯಜಮಾನರು ಟಿಕೆಟ್ ದುಡ್ಡು ದಂಡ ಎಂದು ಹಸು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ಹೆಂಗಸರಿಗೆ ದಾರಿ ತೆರೆಯಿತು, ಜೋಡಿಗೆ ತೆರೆಯಲಿಲ್ಲ. ಅದಕ್ಕೇ ನನಗೆ ರೈಲ್ವೆಯ ಆ ಹಳೆಯ ರಿಯಾಯಿತಿ ಮುಖ್ಯವಾಗಿ ಕಾಣುವುದು. ಅದರಲ್ಲಿ ಇಬ್ಬರಿಗೂ ಪಾಲಿತ್ತು.

ತುಮಕೂರಿನಲ್ಲಿ ಇನ್ನೊಂದು ಮಾತು ತಪ್ಪದೆ ಬರುತ್ತದೆ. ನಡೆದಾಡುವ ದೇವರೆಂದೇ ಕರೆಸಿಕೊಂಡ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅವರು ಕಾಯಕ ಬಿಟ್ಟರೆ? ಬಿಡಲಿಲ್ಲ. ಆದರೆ ಆ ಬದುಕನ್ನು ಅವರು ಆರಿಸಿಕೊಂಡರು. ಸೋಮವಾರ ಬೆಳಗಿನ ರೈಲಿಗೆ ಬ್ಯಾಗು ಹಿಡಿದು, ಬೆಂಗಳೂರಿನಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಲು ಹೋಗಿ, ಶುಕ್ರವಾರ ರಾತ್ರಿ ತುಮಕೂರಿಗೆ ಮರಳುವ ಅಜ್ಜಿಯನ್ನು 'ನಿಮಗೆ ಆಗುತ್ತಾ?' ಎಂದು ಯಾರು ಕೇಳಿದ್ದಾರೆ? ಎಷ್ಟೋ ಮನೆಗಳಲ್ಲಿ ತಾತ ತುಮಕೂರಿನಲ್ಲಿ ಹೋಟೆಲ್ ಊಟ ಮಾಡುತ್ತ, ಅಜ್ಜಿ ಮಗಳ ಫ್ಲ್ಯಾಟಿನಲ್ಲಿ ಕುಕ್ಕರ್ ಕೂಗಿಸುತ್ತ, ನಿವೃತ್ತಿಯಾದ ಮೇಲೆಯೇ ಮೊದಲ ಸಲ ಬೇರೆ ಬೇರೆ ಊರಲ್ಲಿ ಸಂಸಾರ ಮಾಡುತ್ತಿದ್ದಾರೆ. ಮೊಮ್ಮಕ್ಕಳ ಮೇಲಿನ ಆಸೆ ನಿಜ, ಅದನ್ನು ಅಲ್ಲಗಳೆಯುವ ಹುಂಬತನ ನನಗಿಲ್ಲ. ಆದರೆ ಆಸೆಯಿಂದ ಮಾಡುವ ಕೆಲಸಕ್ಕೂ ರಜೆ ಬೇಕು, ರಜೆ ಕೇಳಿದರೆ ಮುಖ ಊದಿಸಬಾರದು.

ಜೈಸಲ್ಮೇರ್ ಪ್ರವಾಸಕ್ಕೆ ನಿಜವಾಗಿ ಅಡ್ಡ ಬರುವುದು ಮಂಡಿನೋವಲ್ಲ, ಹೋಗಿಬರುವ ಮೂರು ವಾರ ಮಗು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಉತ್ತರ ಹುಡುಕಬಹುದಿತ್ತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದಿತು. ಆ ಹೊಣೆಯನ್ನು ಕಂಪನಿಗಳು ಸದ್ದಿಲ್ಲದೆ ಗುಬ್ಬಿ, ಕುಣಿಗಲ್‌ನ ಅಜ್ಜಿಯರ ಮೇಲೆ ದಾಟಿಸಿವೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ಹೇಳುವುದಿಷ್ಟೆ: ಮುಂದಿನ ಸಲ 'ಅಮ್ಮಾ, ಸೋಮವಾರ ಬರ್ತೀಯಾ' ಎಂದು ಊರಿಗೆ ಫೋನ್ ಮಾಡುವ ಮೊದಲು, ನಿಮ್ಮ ಆಫೀಸಿನ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಮಗು ಬಿಡುವ ಕೋಣೆ ಎಲ್ಲಿದೆ ಎಂದು ಕೇಳಿ.