ಗಾಡಿಗೆ ಚಳಿಯಾಗಿರಲಿಲ್ಲ

ಡಿಸೆಂಬರ್‌ನ ಒಂದು ಶನಿವಾರ, ಬೆಳಿಗ್ಗೆ ಆರೂವರೆ. ರಾಗಿಗುಡ್ಡದ ನಮ್ಮ ಮನೆ ಮುಂದೆ ಅಪ್ಪನ ಪ್ರೀಮಿಯರ್ ಪದ್ಮಿನಿ ‘ಕಿರ್ರ್... ಕಿರ್ರ್...’ ಅಂತ ಒದ್ದಾಡ್ತಾ ಇತ್ತು. ಐದನೇ ಸಲಕ್ಕೆ ಅದರ ದನಿಯೇ ಇಳೀತು. ಎದುರುಮನೆಯವರು ಗೇಟಿನ ಹತ್ತಿರ ಬಂದು, "ತಳ್ಳಬೇಕಾ ಸಾರ್?" ಅಂದ್ರು. ಅಪ್ಪ "ಬೇಡ ಬಿಡಿ" ಅಂತ ಕೀ ತೆಗೆದುಕೊಂಡು ಒಳಗೆ ಹೋದ್ರು. ಕಾಫಿ ಕುಡಿಯುವಾಗ ನನ್ನ ಮುಖ ನೋಡದೆ ಹೇಳಿದ್ರು: "ಗುಜರಿಯವನೊಬ್ಬ ಕೇಳಿದಾನೆ. ಕೊಟ್ಟುಬಿಡೋಣ ಅಂತಿದೀನಿ."

ತಪ್ಪು ನನ್ನದೂ ಇತ್ತು. ಬೆಂಗಳೂರಿನಿಂದ ಊರಿಗೆ ಬಂದಾಗಲೆಲ್ಲ ನಾನು ಈ ಗಾಡಿಯನ್ನು ‘ರಿಪೇರಿ’ ಮಾಡಿದ್ದೆ. ಸ್ಪಾರ್ಕ್ ಪ್ಲಗ್, ಪಾಯಿಂಟ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ಹೊಸದಾಗಿ ಹಾಕಿಸಿದ್ದಾಯ್ತು. ದುಡ್ಡು ಹೋಯ್ತು, ತೊಂದರೆ ಹೋಗಲಿಲ್ಲ. ಕೊನೆಗೆ ಒಂದು ದಿನ, "ಅಪ್ಪ, ನೀವು ಚೋಕ್ ಸರಿಯಾಗಿ ಎಳೀತಿಲ್ಲ" ಅಂದುಬಿಟ್ಟೆ. ಮೂವತ್ತು ವರ್ಷ ಅದೇ ಗಾಡಿ ಓಡಿಸಿದವರಿಗೆ! ಅಪ್ಪ ಉತ್ತರ ಕೊಡಲಿಲ್ಲ. ಆಮೇಲೆ ಬೆಳಗಿನ ಹೊತ್ತು ಗಾಡಿ ತೆಗೆಯೋದನ್ನೇ ಕಡಿಮೆ ಮಾಡಿದ್ರು.

ಆಫೀಸಿನಲ್ಲಿ ಒಂದು ಬಗ್ ಬಂದರೆ ನಾನು ಮೊದಲು ಕೇಳೋದು, ಇದು ಯಾವಾಗ ಆಗುತ್ತೆ, ಯಾವಾಗ ಆಗಲ್ಲ ಅಂತ. ಈ ಪ್ರಶ್ನೆಯನ್ನು ಗಾಡಿಗೆ ಕೇಳಿರಲೇ ಇಲ್ಲ. ಎಲ್ಲರೂ ‘ಚಳಿಗೆ ಸ್ಟಾರ್ಟ್ ಆಗಲ್ಲ’ ಅಂದಿದ್ದರು, ನಾನೂ ನಂಬಿದ್ದೆ.

ಸ್ವಲ್ಪ ಯೋಚಿಸಿ ನೋಡಿ. ಪದ್ಮಿನಿ ಮೂಲದಲ್ಲಿ ಇಟಲಿಯ ಫಿಯೆಟ್ 1100. ಫಿಯೆಟ್‌ನ ಊರು ಟ್ಯೂರಿನ್, ಅಲ್ಲಿ ಚಳಿಗಾಲದಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತೆ. ಶಿವಮೊಗ್ಗದ ಡಿಸೆಂಬರ್ ಬೆಳಗು ಅಂದ್ರೆ 15 ಡಿಗ್ರಿ ಆಸುಪಾಸು. ಅಲ್ಲಿ ಸ್ಟಾರ್ಟ್ ಆಗುತ್ತಿದ್ದ 1089 ಸಿಸಿ ಎಂಜಿನ್ನಿಗೆ ಇಲ್ಲಿ ಏನು ಮಹಾ ಚಳಿ?

ಅಪ್ಪನ ಪೆಟ್ರೋಲ್ ಡೈರಿ ತೆಗೆದೆ. ಹಾಕಿಸಿದ ದಿನ, ಲೀಟರ್, ಕಿಲೋಮೀಟರ್ ಎಲ್ಲ ಬರೆದಿಡುವ ಅಭ್ಯಾಸ ಅವರದು. ಭದ್ರಾವತಿಯ ಕೆಲಸಕ್ಕೆ ದಿನಾ ಹೋಗಿಬರುತ್ತಿದ್ದ ಕಾಲದಲ್ಲಿ ವಾರಕ್ಕೊಮ್ಮೆ ಪೆಟ್ರೋಲ್. ಎರಡು ವರ್ಷದ ಹಿಂದೆ ರಿಟೈರ್ ಆದ ಮೇಲೆ ಎರಡು ತಿಂಗಳಿಗೊಮ್ಮೆ. ತೊಂದರೆ ಶುರುವಾಗಿದ್ದೂ ಆಗಲೇ, ಅದೂ ಬೇಸಿಗೆಯಲ್ಲಿ!

ಅವತ್ತು ಒಂದೊಂದನ್ನೇ ನೋಡುತ್ತಾ ಹೋದೆವು. ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿ ಮೀಟರ್ ಹಿಡಿದೆ. ಸುಮ್ಮನಿದ್ದಾಗ 12.6 ವೋಲ್ಟ್, ಕ್ರ್ಯಾಂಕ್ ಮಾಡುವಾಗ 10ರ ಮೇಲೆ. ಸರಿ ಇದೆ. ಒಂದು ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಅಪ್ಪನಿಗೆ ಕೀ ತಿರುಗಿಸಲು ಹೇಳಿದೆ. ನೀಲಿ ಕಿಡಿ, ಅದೂ ಸರಿ. ಆದರೆ ಅಷ್ಟು ಹೊತ್ತು ಕ್ರ್ಯಾಂಕ್ ಮಾಡಿದ್ದರೂ ಆ ಪ್ಲಗ್ ಒಣಗಿತ್ತು. ಚೋಕ್ ಜಾಸ್ತಿಯಾಗಿ ಎಂಜಿನ್ ‘ಮುಳುಗಿದ್ದರೆ’ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬರಬೇಕಿತ್ತು. ಇಗ್ನಿಷನ್ ಆಫ್ ಮಾಡಿ, ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬುರೇಟರ್ ಒಳಗೆ ಇಣುಕಿದೆ. ಆಕ್ಸಿಲರೇಟರ್ ಒತ್ತಿದರೆ ಒಳಗೆ ಸಣ್ಣ ಪೆಟ್ರೋಲ್ ಧಾರೆ ಚಿಮ್ಮಬೇಕು. ಒಂದು ಹನಿಯೂ ಇಲ್ಲ. ಅಂದರೆ ಕಾರ್ಬುರೇಟರ್‌ನ ಬೌಲ್ ಖಾಲಿ!

ಈಗಿನ ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಕರೆಂಟಿನ ಪಂಪ್ ಪೆಟ್ರೋಲ್ ತಳ್ಳುತ್ತೆ. ನಮ್ಮ ಗಾಡಿಯ ಪಂಪ್‌ಗೆ ಎಂಜಿನ್ನೇ ಶಕ್ತಿ, ಎಂಜಿನ್ ತಿರುಗಿದರೆ ಮಾತ್ರ ಪೆಟ್ರೋಲ್. ಗಾಡಿ ವಾರ ನಿಂತರೆ ಬೌಲ್‌ನಲ್ಲಿದ್ದದ್ದು ಆವಿಯಾಗುತ್ತೆ. ಪೈಪಿನಲ್ಲಿ ಎಲ್ಲೋ ಗಾಳಿ ನುಗ್ಗಿದರೆ, ಇಲ್ಲಾ ಪಂಪ್‌ನ ವಾಲ್ವ್ ಸವೆದಿದ್ದರೆ, ಪೆಟ್ರೋಲ್ ಹಿಂದಿನ ಟ್ಯಾಂಕಿಗೇ ವಾಪಸ್ ಜಾರುತ್ತೆ. ಆಮೇಲೆ ಸ್ಟಾರ್ಟರ್ ನಿಧಾನಕ್ಕೆ ತಿರುಗಿಸಿ, ಹಿಂದಿನಿಂದ ಪೆಟ್ರೋಲ್ ಎಳೆದು ಬೌಲ್ ತುಂಬುವಷ್ಟರಲ್ಲಿ ಬ್ಯಾಟರಿ ಸುಸ್ತು.

ಪಂಪ್‌ನ ಪಕ್ಕದಲ್ಲಿ ಬೆರಳುದ್ದದ ಒಂದು ಲಿವರ್ ಇದೆ. ಅದನ್ನು ಇಪ್ಪತ್ತೈದು ಸಲ ಒತ್ತಿದೆ. ಬೌಲ್ ತುಂಬಿದಾಗ ಲಿವರ್‌ನ ಬಿಗಿ ಹೋಗಿ ಸಡಿಲವಾಯ್ತು. "ಅಪ್ಪ, ಈಗ ಹೊಡೀರಿ." ಚೋಕ್ ಎಳೆದು ಕೀ ತಿರುಗಿಸಿದರು. ಅರ್ಧ ಸುತ್ತಿಗೇ ಎಂಜಿನ್ ಹಿಡೀತು.

ಮರುದಿನ ಬೆಳಿಗ್ಗೆ ಇನ್ನೂ ಜಾಸ್ತಿ ಚಳಿ. ಲಿವರ್ ಮುಟ್ಟದೆ ನೋಡಿದೆವು. ಒಂದೇ ಸಲಕ್ಕೆ ಸ್ಟಾರ್ಟ್! ರಾತ್ರಿಯೆಲ್ಲ ಹೊರಗೆ ನಿಂತು ಥಂಡಿಯಾಗಿದ್ದ ಅದೇ ಎಂಜಿನ್. ಚಳಿಯ ಮೇಲಿನ ಆರೋಪ ಅಲ್ಲಿಗೆ ಮುಗೀತು. ಚೋಕ್ ಮೇಲಿನದೂ, ಅಪ್ಪನ ಮೇಲಿನದೂ.

"ನಾನು ಅವತ್ತು ಹಾಗೆ ಹೇಳಬಾರದಿತ್ತು" ಅಂದೆ. ಅಪ್ಪ ಬಾನೆಟ್ ಮುಚ್ಚುತ್ತಾ, "ನಂಗೂ ಡೌಟ್ ಬಂದಿತ್ತು ಕಣೋ, ವಯಸ್ಸಾಯ್ತೇನೋ, ಕೈ ಮರೆತುಹೋಯ್ತೇನೋ ಅಂತ" ಅಂದ್ರು. ಆ ಮಾತು ಬೆಂಗಳೂರಿನ ಬಸ್ಸಿನಲ್ಲೂ ನನ್ನ ಜೊತೆಗೇ ಬಂತು.

ಮುಂದಿನ ವಾರ ಅಪ್ಪನೇ ಫೋನ್ ಮಾಡಿದ್ರು. ಗಾಡಿ ಆರು ದಿನ ನಿಂತಿತ್ತು. ಲಿವರ್ ಒತ್ತಿ ಎಣಿಸಿದ್ದಾರೆ, ಇಪ್ಪತ್ತಮೂರು. ಅಷ್ಟಕ್ಕೇ ಬಿಡದೆ ಗಾಡಿ ಕೆಳಗೆ ಟಾರ್ಚ್ ಹಿಡಿದು, ಟ್ಯಾಂಕಿನಿಂದ ಬರುವ ಪೈಪಿಗೂ ಪಂಪ್‌ಗೂ ನಡುವಿನ ರಬ್ಬರ್ ಹೋಸ್ ಬಿರುಕು ಬಿಟ್ಟಿರೋದನ್ನು ಹುಡುಕಿದ್ದಾರೆ. ಹೊಸ ಹೋಸ್ ಹಾಕಿದ ಮೇಲೆ ಏಳೆಂಟು ಸಲ ಒತ್ತಿದರೆ ಸಾಕಂತೆ. ಆವಿಯಾಗೋದನ್ನು ತಪ್ಪಿಸೋಕಾಗಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ ಇದ್ದರೆ, ಏನನ್ನಾದರೂ ಬದಲಿಸುವ ಮೊದಲು ಎರಡು ದಿನ ಹೋಲಿಸಿ ನೋಡಿ: ಒಂದು ರಾತ್ರಿ ನಿಂತ ಮೇಲೆ ಹೇಗೆ, ಒಂದು ವಾರ ನಿಂತ ಮೇಲೆ ಹೇಗೆ. ಎರಡೂ ದಿನ ಕಷ್ಟವಾದರೆ ಚೋಕ್, ಕಿಡಿ, ಬ್ಯಾಟರಿ ನೋಡಿ. ವಾರ ನಿಂತಾಗ ಮಾತ್ರ ಆದರೆ ಪೆಟ್ರೋಲ್ ದಾರಿ ಹಿಡಿಯಿರಿ. ಲಿವರ್ ಒತ್ತಿದರೂ ಬಿಗಿಯೇ ಸಿಗದಿದ್ದರೆ ಎಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತೆ. ಹಳೇ ರಬ್ಬರ್ ಅದನ್ನು ತಡೆಯಲ್ಲ, ಹೋಸ್ ಹಾಕಿಸುವಾಗ ಎಥೆನಾಲ್‌ಗೆ ಒಗ್ಗುವಂಥದ್ದನ್ನೇ ಕೇಳಿ. ಕಾರ್ಬುರೇಟರ್‌ಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡೋ ಸಾಹಸ ಮಾತ್ರ ಬೇಡ, ಬೆಂಕಿ ಹತ್ತಿಕೊಳ್ಳುತ್ತೆ.

ಗುಜರಿಯವನು ಮೊನ್ನೆ ಮತ್ತೆ ಬಂದಿದ್ದನಂತೆ. ಅಪ್ಪ ಮನೆಯಲ್ಲಿರಲಿಲ್ಲ. ಅಮ್ಮನನ್ನು ಕೂರಿಸಿಕೊಂಡು ಕೂಡ್ಲಿಗೆ ಹೋಗಿದ್ದರು, ಪದ್ಮಿನಿಯಲ್ಲೇ.